ಡಾಕ್ಟರ್ ಇಡಾ ಸ್ಕಡ್ಡರ್

ವೈದ್ಯರ ಸಹಾಯವು ಲೋಕದ ಎಲ್ಲ ಜನರಿಗೂ ಸಮವಾಗಿ ದೊರೆಯತಕ್ಕದ್ದಲ್ಲವೆಂಬುದು ದುಃಖಕರವಾದ ಸತ್ಯ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ವರದಿಯ ಮೇರೆಗೆ, ಲೋಕದ ರೋಗಭಾರದಲ್ಲಿ ನೂರಕ್ಕೆ 24 ಪಾಲನ್ನು ಹೊತ್ತಿದ್ದ ಆಫ್ರಿಕಾ ವಲಯಕ್ಕೆ ಆರೋಗ್ಯಸೇವಕರಲ್ಲಿ ನೂರಕ್ಕೆ 3 ಪಾಲು ಮಾತ್ರವೇ ಲಭಿಸಿದ್ದಿತು. ನಮ್ಮ ದಕ್ಷಿಣ ದೇಶದಲ್ಲಿ ಒಂದು ಕಾಲಕ್ಕೆ ಸ್ತ್ರೀಯರ ಪಾಡು ಇದಕ್ಕಿಂತ ಮೇಲಾಗಿರಲಿಲ್ಲ. ಆ ಕೊರತೆಯನ್ನು ನೀಗಿಸಲು ತಮ್ಮ ಆಯುಷ್ಯವನ್ನೇ ಸವೆಸಿದ ಮಹನೀಯಳ ಚರಿತ್ರೆಯನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇವೆ.

ಇಡಾ ಸ್ಕಡ್ಡರ್ ಅವರು 1870ನೆಯ ಇಸವಿ ಡಿಸೆಂಬರ್ 9ರಂದು ರಾಣಿಪೇಟೆಯಲ್ಲಿ ಜನಿಸಿದರು. ತಂದೆಯೂ ತಾತನೂ ಮಿಶನ್ ವೈದ್ಯರು. ಆದರೂ ಕ್ಷಾಮವನ್ನೂ ಬಡತನವನ್ನೂ ಬಾಲ್ಯದಲ್ಲಿಯೇ ಕಂಡಿದ್ದ ಈ ಹುಡುಗಿಗೆ ಆ ಉದ್ಯೋಗದಲ್ಲಿ ಮನಸ್ಸಿರಲಿಲ್ಲ. ಅಮೇರಿಕದಲ್ಲಿ ಓದುತ್ತಿದ್ದು, ತಾಯಿಯ ಅಸ್ವಸ್ಥತೆಯ ನಿಮಿತ್ತ 1890ರಲ್ಲಿ ತಿಂಡಿವನಕ್ಕೆ ಬಂದರು. ಅಲ್ಲಿ ಒಂದು ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಂದು, ಹೆರಿಗೆಯಲ್ಲಿ ಸಂಕಟಪಡುತ್ತಿದ್ದ ತಮ್ಮ ಹೆಂಡಂದಿರನ್ನು ಉಳಿಸಬೇಕೆಂದು ಬೇಡಿಕೊಂಡರು. ಇಡಾ ವೈದ್ಯಳಲ್ಲ, ತಂದೆಯು ಬರಲು ಸಿದ್ಧರಿದ್ದರೂ ಪರಪುರುಷನು ಹೆಂಗಸನ್ನು ಮುಟ್ಟಲು ಆ ಮನೆಗಳ ಆಚಾರವು ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರೂ ತೀರಿಕೊಂಡಿದ್ದರು. ವೈದ್ಯನು ಹತ್ತಿರವಿದ್ದೂ ಆ ಸ್ತ್ರೀಯರ ಪಾಲಿಗೆ ಇಲ್ಲದವನೇ ಆದನು. ಆಗಲೇ ಇಡಾ ವೈದ್ಯಶಾಸ್ತ್ರವನ್ನು ಕಲಿಯಲು ನಿಶ್ಚಯಿಸಿದರು.

1899ರಲ್ಲಿ ಕಾರ್ನೆಲ್ ವೈದ್ಯಶಾಲೆಯಲ್ಲಿ ಪದವಿ ಪಡೆದು, 1900ರಲ್ಲಿ ವೆಲ್ಲೂರಿಗೆ ಬಂದರು. ಅದೇ ವರ್ಷ ತಂದೆಯು ತೀರಿಹೋದರು. ಬಂಗಲೆಯ ಒಂದು ಕೊಠಡಿಯೇ ಅವರ ಮೊದಲ ಔಷಧಾಲಯವಾಯಿತು. ಅಮೇರಿಕದ ದಾನಿಯೊಬ್ಬರು ಪತ್ನಿಯ ಸ್ಮರಣಾರ್ಥವಾಗಿ ಕೊಟ್ಟ 10,000 ಡಾಲರುಗಳಿಂದ 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆಯು ತೆರೆಯಿತು. 1909ರಿಂದ ಮೋಟಾರು ಬಂಡಿಯಲ್ಲಿ ಹಳ್ಳಿಗಳ ಕಡೆಗೆ ಹೋಗಿ, ಹಾದಿಯ ಮರಗಳ ನೆರಳಲ್ಲಿಯೇ ರೋಗಿಗಳನ್ನು ನೋಡತೊಡಗಿದರು.

ಆದರೆ ಒಬ್ಬಳ ಎರಡು ಕೈಗಳಿಂದ ಎಷ್ಟು ಮಂದಿ ಬದುಕಿಯಾರು? ನಾಡಿನ ಹೆಣ್ಣುಮಕ್ಕಳೇ ವೈದ್ಯರಾಗದ ಹೊರತು ಈ ಕೊರತೆಯು ತೀರದೆಂದು ಅವರು ಅರಿತರು. 1909ರಲ್ಲಿ ದಾದಿಯರ ಶಾಲೆಯನ್ನೂ 1918ರಲ್ಲಿ ಸ್ತ್ರೀಯರ ವೈದ್ಯಶಾಲೆಯನ್ನೂ ಸ್ಥಾಪಿಸಿದರು. ಹುಡುಗಿಯರು ಬಂದಾರೆಯೇ ಎಂದು ಅನೇಕರು ಸಂದೇಹಪಟ್ಟರು. ಮೊದಲ ತರಗತಿಗೆ 17 ಮಂದಿ ಸೇರಿದರು. 1922ರಲ್ಲಿ 14 ಮಂದಿ ತೇರ್ಗಡೆಯಾಗಿ ಹೊರಬಂದರು. ಮುಂದೆ ಸರಕಾರವು ಡಿಪ್ಲೊಮಾ ಸಾಲದು, ವಿಶ್ವವಿದ್ಯಾನಿಲಯದ ಪದವಿಯೇ ಬೇಕೆಂದು ವಿಧಿಸಿದಾಗ ಶಾಲೆಯೇ ಮುಚ್ಚುವ ಭಯ ಉಂಟಾಯಿತು. ಎಪ್ಪತ್ತನ್ನು ದಾಟಿದ್ದ ಇಡಾ ಅಮೇರಿಕಕ್ಕೆ ತೆರಳಿ ಧನಸಹಾಯಕ್ಕಾಗಿ ಊರೂರು ತಿರುಗಿದರು. 1942ರಲ್ಲಿ ಪದವಿಯ ತರಗತಿಯು ಪ್ರಾರಂಭವಾಯಿತು. 1947ರಲ್ಲಿ ಪುರುಷರಿಗೂ ಪ್ರವೇಶ ದೊರೆಯಿತು. ಇಡಾ ಅವರು 1960ನೆಯ ಇಸವಿ ಮೇ 24ರಂದು ಕೊಡೈಕಾನಲಿನಲ್ಲಿ ಕಾಲವಾದರು.

ಕಟ್ಟಡವೂ ಔಷಧವೂ ಹಣದಿಂದ ದೊರೆಯಬಹುದು. ವೈದ್ಯಳನ್ನು ಮಾತ್ರ ಯಾವುದೋ ಒಂದು ಮನೆಯು ಕೊಡಬೇಕು. ಆ 17 ಹುಡುಗಿಯರ ಹಿಂದೆ ಮಗಳನ್ನು ಧೈರ್ಯವಾಗಿ ಕಳುಹಿಸಿದ 17 ಮನೆಗಳಿದ್ದವು. ನಮ್ಮ ಶಾಲೆಯ ಮಕ್ಕಳಲ್ಲಿ ಯಾರಿಗಾದರೂ ಈ ವಿದ್ಯೆಯಲ್ಲಿ ಅಪೇಕ್ಷೆ ಹುಟ್ಟಿದರೆ, ತಂದೆತಾಯಿಗಳು ಅದನ್ನು ತಡೆಯದೆ ಆಕೆಯನ್ನು ಹರಸಿ ಕಳುಹಿಸಬೇಕೆಂದು ನಾವು ಬಿನ್ನವಿಸುತ್ತೇವೆ.