ಆಸ್ಪತ್ರೆ ನಡೆಸಲು ಕಲಿಸಿದಾಕೆ: ಫ್ಲಾರೆನ್ಸ್ ನೈಟಿಂಗೇಲ್

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ಶಾಲೆಯ ಪಾಠದ ಚಿತ್ರವೇ ನಮ್ಮ ಕಣ್ಣೆದುರು ನಿಲ್ಲುತ್ತದೆ: ಕೈಯಲ್ಲಿ ದೀಪ ಹಿಡಿದು ಇರುಳಿನಲ್ಲಿ ಗಾಯಾಳುಗಳ ನಡುವೆ ಸಂಚರಿಸುವ ಕರುಣಾಮಯಿ. ಚಿತ್ರವೇನೂ ಸುಳ್ಳಲ್ಲ. ಆದರೆ ತೊಂಬತ್ತು ವರ್ಷ ಬಾಳಿದ ಆಕೆ ದೀಪ ಹಿಡಿದು ನಡೆದುದು ಎರಡು ವರ್ಷಕ್ಕೂ ಕಡಿಮೆ. ಆಸ್ಪತ್ರೆಯನ್ನು ನಡೆಸುವುದು ಹೇಗೆ, ನಡೆಸಬಲ್ಲವರನ್ನು ಸಿದ್ಧಗೊಳಿಸುವುದು ಹೇಗೆ ಎಂಬ ಚಿಂತೆಯಲ್ಲಿ ಕಳೆದ ಕಾಲವೇ ದೀರ್ಘವಾದುದು.

೧೮೨೦ರ ಮೇ ೧೨ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದ ಈಕೆ ಇಂಗ್ಲೆಂಡಿನ ಸಿರಿವಂತ ಮನೆತನದವಳು. ದಾದಿಯ ಕೆಲಸವೆಂದರೆ ಆ ಕಾಲದ ಕುಲೀನರು ಮೂಗು ಮುರಿಯುತ್ತಿದ್ದರು. ಮನೆಯವರ ವಿರೋಧವನ್ನು ವರ್ಷಗಟ್ಟಲೆ ಎದುರಿಸಿ, ೧೮೫೧ರಲ್ಲಿ ಜರ್ಮನಿಯ ಕೈಸರ್ಸ್‌ವರ್ತಿಗೆ ಹೋಗಿ ತರಬೇತಿ ಪಡೆದಳು. ೧೮೫೩ರಲ್ಲಿ ಲಂಡನಿನ ಹಾರ್ಲೆ ಬೀದಿಯ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಣೆ ಆಕೆಯ ಪಾಲಿಗೆ ಬಂದಿತು. ಅಲ್ಲಿ ಆಕೆ ಹಟ ಹಿಡಿದುದು ಪ್ರತಿ ಮಹಡಿಗೂ ಬಿಸಿನೀರಿನ ಕೊಳವೆ ಬೇಕು, ರೋಗಿಗಳ ಊಟವನ್ನು ಮೇಲಕ್ಕೇರಿಸಲು ಲಿಫ್ಟ್ ಬೇಕು ಎಂದು. ದಿನವಿಡೀ ಮೆಟ್ಟಿಲು ಹತ್ತಿಳಿದು ಬಳಲಿದ ದಾದಿಗೆ ರೋಗಿಯ ಬಳಿ ನಿಲ್ಲಲು ತ್ರಾಣವೆಲ್ಲಿ? ಮಾಳಿಗೆಗೆ ತಟ್ಟೆ ಹೊತ್ತು ಬಲ್ಲ ನಮ್ಮ ಹೋಟೆಲಿನ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೮೫೪ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ದುರವಸ್ಥೆ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಮಂತ್ರಿ ಸಿಡ್ನಿ ಹರ್ಬರ್ಟನ ಕೋರಿಕೆಯಂತೆ ಆಕೆ ೩೮ ದಾದಿಯರೊಡನೆ ನವೆಂಬರಿನಲ್ಲಿ ಇಸ್ತಾಂಬುಲಿನ ಎದುರು ದಡದ ಸ್ಕುಟಾರಿಯನ್ನು ತಲಪಿದಳು. ಸೇನೆಯ ವೈದ್ಯರಿಗೆ ಈ ಹೆಂಗಸರ ತಂಡ ಬೇಡವಾಗಿತ್ತು. ಆಕೆ ಜಗಳಕ್ಕಿಳಿಯಲಿಲ್ಲ. ವೈದ್ಯರು ತಾವಾಗಿ ಕರೆಯುವವರೆಗೆ ಯಾರೂ ರೋಗಿಯನ್ನು ಮುಟ್ಟಕೂಡದೆಂದು ತನ್ನವರಿಗೇ ಕಟ್ಟಪ್ಪಣೆ ಮಾಡಿದಳು. ದಾದಿಯರು ಗೊಣಗಿದರು. ಕೆಲವೇ ದಿನಗಳಲ್ಲಿ ಇಂಕರ್ಮನ್ ಕಾಳಗದ ಗಾಯಾಳುಗಳು ಪ್ರವಾಹದಂತೆ ಬರಲು ವೈದ್ಯರೇ ಕರೆ ಕಳುಹಿಸಿದರು. ಕಣ್ಣೆದುರು ನರಳುವವರನ್ನು ಕಂಡೂ ಕೈಕಟ್ಟಿ ಕಾದ ಆ ದಿನಗಳು ದೀಪ ಹಿಡಿದ ರಾತ್ರಿಗಳಿಗಿಂತ ಕಠಿಣವಾಗಿದ್ದಿರಬೇಕೆಂದು ನಮಗೆ ತೋರುತ್ತದೆ.

ಕಾಗದಪತ್ರ ಸರಿಯಾಗದೆ ಉಗ್ರಾಣದ ಬಾಗಿಲು ತೆರೆಯದು. ಒಳಗೆ ಅಂಗಿಗಳಿದ್ದರೂ ರೋಗಿಗೆ ಅಂಗಿಯಿಲ್ಲ. ಕಚೇರಿಯ ಕಾರಕೂನರಿಗೆ ಇದೂ ಹೊಸದಲ್ಲ. ಆಕೆ ಚಂದಾಹಣದಿಂದ ಪೇಟೆಯಲ್ಲಿ ಸಾಮಾನು ಕೊಂಡಳು, ಮನೆಯೊಂದನ್ನು ಹಿಡಿದು ಬಟ್ಟೆ ಒಗೆಯುವ ಏರ್ಪಾಡು ಮಾಡಿದಳು. ಅಡಿಗೆಯ ಅವಸ್ಥೆಯಂತೂ ಕೇಳುವಂತಿರಲಿಲ್ಲ. ಒಂದೊಂದು ಗುಂಪಿನ ಮಾಂಸಕ್ಕೆ ಗುರುತಿಗಾಗಿ ಚಿಂದಿಯನ್ನೋ ಗುಂಡಿಯನ್ನೋ ಕಟ್ಟಿ ಎಲ್ಲವನ್ನೂ ಒಂದೇ ಹಂಡೆಗೆ ಹಾಕುತ್ತಿದ್ದರು. ಕೆಲವರಿಗೆ ಬೆಂದದ್ದು, ಕೆಲವರಿಗೆ ಹಸಿಯದು. ಸಾರವೆಲ್ಲ ಇಳಿದ ನೀರು ಚರಂಡಿಗೆ. ೧೮೫೫ರಲ್ಲಿ ಲಂಡನಿನ ಹೆಸರಾಂತ ಬಾಣಸಿಗ ಅಲೆಕ್ಸಿಸ್ ಸೊಯೆ ಎಂಬುವನು ಸ್ವಂತ ಖರ್ಚಿನಲ್ಲಿ ಬಂದು, ಅದೇ ಪಡಿಯಲ್ಲಿ ರುಚಿಯಾದ ಅಡಿಗೆ ಮಾಡುವುದನ್ನು ಸಿಪಾಯಿಗಳಿಗೆ ಕಲಿಸಿದನು. ವೈದ್ಯರ ಸಾಲಿನಲ್ಲಿ ಈ ಅಡಿಗೆಯವನ ಹೆಸರನ್ನೂ ಸೇರಿಸುವುದು ನ್ಯಾಯ.

ಇಷ್ಟಾದರೂ ಸಾವು ನಿಲ್ಲಲಿಲ್ಲ. ೧೮೫೫ರ ಫೆಬ್ರವರಿಯಲ್ಲಿ ಮರಣಪ್ರಮಾಣ ನೂರಕ್ಕೆ ೪೨ಕ್ಕೇರಿತು. ಮಾರ್ಚಿಯಲ್ಲಿ ಸರಕಾರದ ನೈರ್ಮಲ್ಯ ಆಯೋಗವು ಬಂದು, ಕಟ್ಟಡದಡಿಯ ಚರಂಡಿಗಳನ್ನು ತೆರವು ಮಾಡಿಸಿ, ಕುಡಿಯುವ ನೀರನ್ನು ಶುದ್ಧಗೊಳಿಸಿ, ಗಾಳಿಗೆ ದಾರಿ ಮಾಡಿತು. ಜೂನ್ ಹೊತ್ತಿಗೆ ಪ್ರಮಾಣ ನೂರಕ್ಕೆ ಎರಡಕ್ಕಿಳಿಯಿತು. ಹೊಟ್ಟೆಗಿಲ್ಲದೆ, ಬಳಲಿ, ಸಾಯುವ ಸ್ಥಿತಿಯಲ್ಲಿ ಬಂದುದರಿಂದ ಸಿಪಾಯಿಗಳು ಮಡಿದರೆಂದೇ ಆಕೆ ನಂಬಿದ್ದಳು. ಊರಿಗೆ ಮರಳಿದ ಮೇಲೆ, ಅಂಕಿಅಂಶಗಳ ತಜ್ಞ ವಿಲಿಯಂ ಫಾರ್ ಎಂಬುವನೊಡನೆ ಕುಳಿತು ಲೆಕ್ಕ ಹಾಕಿದಾಗ ಬೇರೆಯೇ ಸಂಗತಿ ಹೊರಬಿದ್ದಿತು. ಕೊಂದದ್ದು ಆಸ್ಪತ್ರೆಯ ಹೊಲಸು. ತಾನು ಹಗಲಿರುಳು ದುಡಿದ ಸ್ಕುಟಾರಿಯೇ ಅತ್ಯಂತ ಮಾರಕ ಸ್ಥಳಗಳಲ್ಲೊಂದು. ಲೋಕವೆಲ್ಲ ಹೊಗಳುತ್ತಿದ್ದ ಸಮಯದಲ್ಲಿ ಈ ಲೆಕ್ಕವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಿರಬಹುದಾಗಿತ್ತು. ಆಕೆ ಅದನ್ನು ಬಣ್ಣದ ನಕ್ಷೆಗಳಾಗಿಸಿ ಅಧಿಕಾರಸ್ಥರಿಗೆ ಮುಟ್ಟಿಸಿದಳು.

ಶುಶ್ರೂಷೆಯನ್ನು ಕುರಿತು ಬರೆದ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಆಕೆ ವ್ಯವಸ್ಥೆಗೆ ಮೀಸಲಿಟ್ಟಳು. ತಾನಿದ್ದಾಗ ನಡೆಯುವ ಕೆಲಸ ತಾನಿಲ್ಲದಾಗಲೂ ನಡೆಯುವಂತೆ ಏರ್ಪಡಿಸುವುದೇ ಮುಖ್ಯಸ್ಥರ ಹೊಣೆಯೆಂಬುದು ಅದರ ತಿರುಳು. ೧೮೬೦ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ಶಾಲೆಯ ಗುರಿಯೂ ಅದೇ. ಅಲ್ಲಿ ಕಲಿತವರು ಬೇರೆ ಆಸ್ಪತ್ರೆಗಳಿಗೆ ಹೋಗಿ ಇತರರಿಗೆ ಕಲಿಸಬೇಕು. ಆಗ್ನೆಸ್ ಜೋನ್ಸ್ ೧೮೬೫ರಲ್ಲಿ ಲಿವರ್‌ಪೂಲಿನ ಬಡವರ ಆಸ್ಪತ್ರೆಯ ಹೊಣೆ ಹೊತ್ತು, ಮೂರೇ ವರ್ಷಗಳಲ್ಲಿ ಟೈಫಸ್ ಜ್ವರಕ್ಕೆ ಬಲಿಯಾದಳು. ಲೂಸಿ ಆಸ್ಬರ್ನ್ ೧೮೬೮ರಲ್ಲಿ ಐವರು ದಾದಿಯರೊಡನೆ ಆಸ್ಟ್ರೇಲಿಯದ ಸಿಡ್ನಿಗೆ ಹೋದಳು.

ಭಾರತವನ್ನು ಆಕೆ ಕಣ್ಣಾರೆ ಕಾಣಲಿಲ್ಲ. ಆದರೆ ಇಲ್ಲಿನ ಸೈನ್ಯಕೇಂದ್ರಗಳಿಗೆ ಪ್ರಶ್ನಾವಳಿ ಕಳುಹಿಸಿ, ಬಂದ ಉತ್ತರಗಳ ರಾಶಿಯನ್ನು ಓದಿದಳು. ೧೮೬೩ರ ವರದಿಯಂತೆ ಇಲ್ಲಿ ಸಾವಿರ ಬ್ರಿಟಿಷ್ ಸಿಪಾಯಿಗಳಿಗೆ ವರ್ಷಕ್ಕೆ ೬೯ ಮಂದಿ ಸಾಯುತ್ತಿದ್ದರು. ಹತ್ತು ವರ್ಷಗಳ ತರುವಾಯ ಅದು ೧೮ಕ್ಕಿಳಿಯಿತೆಂದು ಆಕೆಯೇ ಲೆಕ್ಕ ಕೊಟ್ಟಳು.

ಆಕೆಯೊಡನೆ ದುಡಿಯುವುದು ಸುಲಭವಾಗಿರಲಿಲ್ಲ. ಕಾಯಿಲೆಬಿದ್ದ ಹರ್ಬರ್ಟನನ್ನೂ ಕೆಲಸದಿಂದ ಬಿಡಿಸಗೊಡಲಿಲ್ಲ. ಅವನು ೧೮೬೧ರಲ್ಲಿ ತೀರಿಕೊಂಡನು. ತಾನೂ ದೀರ್ಘಕಾಲ ಹಾಸಿಗೆ ಹಿಡಿದು, ಅಲ್ಲಿಂದಲೇ ಪತ್ರಗಳನ್ನು ಬರೆದು ಕೆಲಸ ನಡೆಸಿದಳು. ೧೯೧೦ರ ಆಗಸ್ಟ್ ೧೩ರಂದು ಮೃತಳಾದಳು. ವೆಸ್ಟ್‌ಮಿನ್‌ಸ್ಟರ್ ಆಬೆಯಲ್ಲಿ ಸಮಾಧಿ ಮಾಡಲು ಮನೆಯವರು ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಗ್ರಾಮದ ಆ ಕಲ್ಲಿನ ಮೇಲೆ ಆಕೆಗಾಗಿ ಕೊರೆದಿರುವುದು ಹೆಸರಿನ ಎರಡು ಮೊದಲಕ್ಷರ, ಜನನ ಮರಣಗಳ ದಿನ, ಅಷ್ಟೆ.