ಶ್ರೀಗಂಧಕ್ಕೆ ಸಾಬೂನಿನ ರೂಪ ಕೊಟ್ಟ ಸೋಪ್ ಶಾಸ್ತ್ರಿ

ಕವಿತಾಳ: ರಾಯಚೂರು ನಗರದ ದೊಡ್ಡ ಮಳಿಗೆಯಿರಲಿ, ದೇವದುರ್ಗ, ಮಾನ್ವಿ, ಕವಿತಾಳದ ಕಿರಾಣಿ ಅಂಗಡಿಯಿರಲಿ, ಗಂಧದ ಸೋಪು ಎಂದು ಕೇಳಿದರೆ ಸಾಕು, ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೂಬಳ್ಳಿಯ ಚಿತ್ತಾರವುಳ್ಳ, ಆನೆಯ ತಲೆ ಹಾಗೂ ಸಿಂಹದ ದೇಹದ ಶರಭನ ಮುದ್ರೆಯಿರುವ ಪೆಟ್ಟಿಗೆಯೇ ಎಲ್ಲರ ಕಣ್ಮುಂದೆ ಬರುತ್ತದೆ. ನಾಲ್ಕು ತಲೆಮಾರುಗಳು ಬಳಸಿರುವ ಈ ಮೈಸೂರು ಸ್ಯಾಂಡಲ್ ಸಾಬೂನಿನ ಹಿಂದೆ ಮಹಾರಾಜರಿದ್ದರು, ದಿವಾನರಿದ್ದರು ಎಂಬುದು ಬಹುಮಂದಿಗೆ ಗೊತ್ತು. ಅವರ ಆಸೆಯನ್ನು ಕೈಯಲ್ಲಿ ಹಿಡಿಯಬಹುದಾದ ವಸ್ತುವನ್ನಾಗಿ ಮಾಡಿದ ರಸಾಯನ ವಿಜ್ಞಾನಿಯ ಹೆಸರು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಅವರೇ ಸೋಸಲೆ ಗರಳಪುರಿ ಶಾಸ್ತ್ರಿ.

ಚರ್ಮದ ಕಾಂತಿ ಹೆಚ್ಚಿಸುವ, ವಯಸ್ಸಿನ ಗುರುತು ಮರೆಮಾಚುವ ಭರವಸೆ ನೀಡುವ ಇಂದಿನ ಕಂಪನಿಗಳು ತಮಗೆ ಸಲಹೆ ನೀಡುವ ವಿಜ್ಞಾನಿಗಳ ಹೆಸರನ್ನೂ ಭಾವಚಿತ್ರವನ್ನೂ ಜಾಹೀರಾತಿನಲ್ಲಿ ಮೆರೆಸುವುದುಂಟು. ಒಂದು ಶತಮಾನದ ಹಿಂದೆ ಮೈಸೂರು ಸಂಸ್ಥಾನದಲ್ಲಿ ನಡೆದದ್ದು ಬೇರೆ. ಅಲ್ಲಿ ವಿಜ್ಞಾನಿಯ ಸಲಹೆಯಿಂದಲೇ ಉದ್ಯಮ ಹುಟ್ಟಿತು.

ಯುದ್ಧ ತಂದ ಸಂಕಷ್ಟ

ಟಿಪ್ಪು ಸುಲ್ತಾನನು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ನಂತರ ಮೈಸೂರು ಸೀಮೆಯಲ್ಲಿ ಅದು ಸರ್ಕಾರದ ಸ್ವತ್ತಾಗಿಯೇ ಉಳಿದುಬಂದಿತ್ತು. ಗಂಧದ ಕೊರಡುಗಳ ಹರಾಜಿನಿಂದ ಬೊಕ್ಕಸಕ್ಕೆ ಬರುತ್ತಿದ್ದ ವರಮಾನ ಗಣನೀಯವಾಗಿತ್ತು. ಆದರೆ ಮರ ಇಲ್ಲಿಯದಾದರೂ ಅದರ ಎಣ್ಣೆ ತೆಗೆಯುವ ವಿದ್ಯೆ ಹೊರದೇಶದವರ ಕೈಯಲ್ಲಿತ್ತು. ಕೊರಡುಗಳನ್ನು ಕೊಳ್ಳುವುದರಲ್ಲಿ ಜರ್ಮನಿಯ ವ್ಯಾಪಾರಿಗಳೇ ಮುಂದಿದ್ದರು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದೊಡನೆ ಈ ವ್ಯಾಪಾರ ಕುಸಿಯಿತು. ಕೊಳ್ಳುವವರಿಲ್ಲದೆ ಗಂಧದ ಕೊರಡುಗಳು ದಾಸ್ತಾನು ಕೋಠಿಗಳಲ್ಲಿ ಉಳಿದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲವದು. ಕೊರಡನ್ನು ಮಾರುವ ಬದಲು ಎಣ್ಣೆಯನ್ನೇ ಮಾರಬಾರದೇಕೆ ಎಂಬ ಆಲೋಚನೆಗೆ ಆಗ ಬಲ ಬಂದಿತು. ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಇದಕ್ಕೆ ಒತ್ತಾಸೆಯಾಗಿ ನಿಂತರು.

ಸಲಹೆಗಾಗಿ ದೂರ ಹೋಗಬೇಕಾಗಿರಲಿಲ್ಲ. 1911ರಲ್ಲಿ ಪಾಠ ಆರಂಭಿಸಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ.ಜೆ. ಸಡ್‌ಬರೋ ಹಾಗೂ ಎಚ್.ಇ. ವಾಟ್ಸನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳಿದ್ದರು. ಮರದ ತಿರುಳು ಹಾಗೂ ಬೇರಿನ ಪುಡಿಯ ಮೂಲಕ ಹಬೆ ಹಾಯಿಸಿ ಎಣ್ಣೆಯನ್ನು ಬಟ್ಟಿ ಇಳಿಸುವ ವಿಧಾನವನ್ನು ಅವರು ಪ್ರಯೋಗಾಲಯದಲ್ಲಿ ಹದಗೊಳಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯ ತಯಾರಿಕೆ ಮೊದಲಾಯಿತು. ಬಳಿಕ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ ತಲೆಯೆತ್ತಿತು.

ಇಂಗ್ಲೆಂಡಿಗೆ ಹೋದ ಯುವಕ

ಎಣ್ಣೆಯೇನೋ ಸಿದ್ಧವಾಯಿತು. ಅದನ್ನು ಜನರ ನಿತ್ಯಬಳಕೆಯ ವಸ್ತುವಿನಲ್ಲಿ ಸೇರಿಸುವ ಬಗೆ ಹೇಗೆ? ಗಂಧದೆಣ್ಣೆಯ ಸಾಬೂನನ್ನು ಉಡುಗೊರೆಯಾಗಿ ಪಡೆದ ಮಹಾರಾಜರಿಗೆ ಅಂತಹುದನ್ನು ಇಲ್ಲಿಯೇ ಏಕೆ ಮಾಡಬಾರದೆಂಬ ವಿಚಾರ ಹೊಳೆಯಿತೆಂಬ ಕಥೆ ಪ್ರಚಲಿತದಲ್ಲಿದೆ. ವಿಶ್ವೇಶ್ವರಯ್ಯನವರು ಮುಂಬಯಿಯಿಂದ ನುರಿತವರನ್ನು ಕರೆಸಿ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪ್ರಯೋಗ ಮಾಡಿಸಿದರೆಂದೂ, ಬಳಿಕ ನಾಡಿನವರೊಬ್ಬರೇ ಈ ವಿದ್ಯೆಯನ್ನು ಪೂರ್ಣವಾಗಿ ಕಲಿತುಬರಬೇಕೆಂದು ನಿರ್ಧರಿಸಿದರೆಂದೂ ಹೇಳಲಾಗುತ್ತದೆ. ಆ ಹೊಣೆಗೆ ಆಯ್ಕೆಯಾದವರು ಯುವ ಕೈಗಾರಿಕಾ ರಸಾಯನ ತಜ್ಞ ಗರಳಪುರಿ ಶಾಸ್ತ್ರಿ.

ಆ ಹೆಸರು ಮೈಸೂರಿಗೆ ಹೊಸತಲ್ಲ. ತಿರುಮಕೂಡಲು ನರಸೀಪುರದ ಬಳಿಯ ಸೋಸಲೆಯ ಹೆಸರನ್ನೇ ಹೊತ್ತ ಗರಳಪುರಿ ಶಾಸ್ತ್ರಿಗಳೆಂಬ ಸಂಸ್ಕೃತ ವಿದ್ವಾಂಸರು 19ನೇ ಶತಮಾನದಲ್ಲಿಯೇ ಮೈಸೂರಿನ ವಿದ್ವದ್ವಲಯದಲ್ಲಿ ಪ್ರಸಿದ್ಧರಾಗಿದ್ದರು. ಆದರೆ 20ನೇ ಶತಮಾನದ ಈ ಶಾಸ್ತ್ರಿ ಪಳಗಿದ್ದು ರಸಾಯನಶಾಸ್ತ್ರದಲ್ಲಿ. ಸಂಸ್ಥಾನವು ಅವರನ್ನು ಇಂಗ್ಲೆಂಡಿಗೆ ಕಳುಹಿಸಿ ಸಾಬೂನು ಹಾಗೂ ಸುಗಂಧದ್ರವ್ಯ ತಯಾರಿಕೆಯಲ್ಲಿ ತರಬೇತಿ ಕೊಡಿಸಿತು.

ಹದದ ಪ್ರಶ್ನೆ

ಅವರು ಬಿಡಿಸಬೇಕಾಗಿದ್ದ ಕಗ್ಗಂಟು ಸಣ್ಣದಾಗಿರಲಿಲ್ಲ. ಕೊಬ್ಬು ಅಥವಾ ಎಣ್ಣೆಯನ್ನು ಕಾಸ್ಟಿಕ್ ಸೋಡಾದೊಂದಿಗೆ ಕುದಿಸಿದರೆ ಸಾಬೂನು ಮತ್ತು ಗ್ಲಿಸರಿನ್ ದೊರೆಯುತ್ತವೆ. ಕಾಸ್ಟಿಕ್ ಸೋಡಾ ತುಸು ಹೆಚ್ಚಾಗಿ ಉಳಿದರೂ ಚರ್ಮ ಒರಟಾಗಿ ಉರಿಯುತ್ತದೆ. ಕಡಿಮೆಯಾದರೆ ಕೊಬ್ಬು ಸಾಬೂನಾಗದೆ ಉಳಿದು ಕಾಲಕ್ರಮೇಣ ಕಮಟು ವಾಸನೆ ಬರುತ್ತದೆ. ಬಿಸಿ ಸಾಬೂನಿಗೆ ಪರಿಮಳ ಬೆರೆಸಿದರೆ ಅದು ಹಾರಿಹೋಗುತ್ತದೆ. ಕ್ಷಾರದ ಸಂಗದಲ್ಲಿ ಅನೇಕ ಸುಗಂಧಗಳು ಕೆಟ್ಟೂಹೋಗುತ್ತವೆ.

ಗಂಧದೆಣ್ಣೆಯ ಗುಣ ಇಲ್ಲಿ ಅನುಕೂಲಕ್ಕೆ ಬರುತ್ತದೆ. ಅದರ ಮುಖ್ಯ ಅಂಶವಾದ ಸ್ಯಾಂಟಲಾಲ್ ನಿಧಾನವಾಗಿ ಆವಿಯಾಗುವಂಥದ್ದು, ಸಾಬೂನಿನ ಕ್ಷಾರದಲ್ಲಿಯೂ ಬಾಳುವಂಥದ್ದು. ಜೊತೆಗಿರುವ ಹಗುರ ಪರಿಮಳಗಳನ್ನೂ ಅದು ಹಿಡಿದಿಡುತ್ತದೆ. ಒಣಗಿಸಿ ತಣಿಸಿದ ಸಾಬೂನಿನ ಚೂರುಗಳಿಗೆ ಎಣ್ಣೆ ಬೆರೆಸಿ, ಉರುಳೆಗಳ ನಡುವೆ ಅರೆದು, ಒತ್ತಿ, ಅಚ್ಚು ಹಾಕಿದರೆ ಬಿಲ್ಲೆ ಸವೆಯುವವರೆಗೂ ವಾಸನೆ ಉಳಿಯುತ್ತದೆ. ಅಪ್ಪಟ ಗಂಧದೆಣ್ಣೆಯನ್ನು ಸಾಬೂನಿಗೆ ಸೇರಿಸುವ ಕ್ರಮ ಹಾಗೂ ಪ್ರಮಾಣವನ್ನು ನಿಗದಿಗೊಳಿಸಿದ್ದು ಶಾಸ್ತ್ರಿಯವರ ಮುಖ್ಯ ಸಾಧನೆ. ಅವರು ತಾಯ್ನಾಡಿಗೆ ಮರಳಿದ ಮೇಲೆ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಕೆಲಸ ಮಾಡತೊಡಗಿ, 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಮಾರುಕಟ್ಟೆಗೆ ಬಂದಿತು.

ಒಡವೆಯಂತೆ ಪೆಟ್ಟಿಗೆ

ವಿದೇಶಿ ಸಾಬೂನುಗಳ ಎದುರು ಹೊಸ ಸರಕು ನಿಲ್ಲಬೇಕಾದರೆ ಗುಣವೊಂದೇ ಸಾಲದೆಂಬುದನ್ನು ಶಾಸ್ತ್ರಿ ಅರಿತಿದ್ದರು. ಚೌಕಾಕಾರದ ಬಿಲ್ಲೆಗಳೇ ವಾಡಿಕೆಯಾಗಿದ್ದ ಕಾಲದಲ್ಲಿ ಅವರು ಅಂಡಾಕಾರವನ್ನು ಆರಿಸಿದರು. ನಮ್ಮ ಜನರ ಒಡವೆಯ ಪ್ರೀತಿಯನ್ನು ಮನದಲ್ಲಿಟ್ಟುಕೊಂಡು ಹೊರಪೆಟ್ಟಿಗೆಯನ್ನು ಆಭರಣದ ಪೆಟ್ಟಿಗೆಯಂತೆ ರೂಪಿಸಿದರು. ಅಕ್ಕಸಾಲಿಗರು ಒಡವೆಗೆ ಸುತ್ತಿಕೊಡುವಂತಹ ನವಿರಾದ ಕಾಗದವನ್ನು ಒಳಗೆ ಸುತ್ತಿಸಿದರು. ಶರಭನನ್ನು ಲಾಂಛನವಾಗಿ ಆಯ್ದುಕೊಂಡವರೂ ಅವರೇ ಎನ್ನಲಾಗಿದೆ. ದೇಶದ ಪ್ರಮುಖ ನಗರಗಳಲ್ಲಿ ಪ್ರಚಾರ ನಡೆಯಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಮಾಡಿಸಿದ ಪ್ರಸಂಗವನ್ನು ಇಂದಿಗೂ ನೆನೆಯಲಾಗುತ್ತದೆ. ಇಷ್ಟೆಲ್ಲದರ ಫಲವಾಗಿ ಜನರ ಬಾಯಲ್ಲಿ ಅವರು ಸೋಪ್ ಶಾಸ್ತ್ರಿಯೆಂದೇ ಹೆಸರಾದರು.

ಆಗ ಕವಿತಾಳವೂ ಸೇರಿದಂತೆ ರಾಯಚೂರು ಸೀಮೆಯೆಲ್ಲ ಹೈದರಾಬಾದ್ ನಿಜಾಮನ ಆಡಳಿತದಲ್ಲಿತ್ತು. ಇಲ್ಲಿನವರಿಗೆ ಮೈಸೂರಿನ ಸಾಬೂನು ಪರಸಂಸ್ಥಾನದ ಸರಕಾಗಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ಬಳಿಕ ಅದು ನಮ್ಮದೇ ಸರ್ಕಾರದ ಕಾರ್ಖಾನೆಯ ಉತ್ಪನ್ನವಾಯಿತು.

ಉಳಿದಿರುವ ಹೊಣೆ

ಶಾಸ್ತ್ರಿಯವರು ಹಾಕಿದ ಅಡಿಪಾಯದ ಮೇಲೆ ಉದ್ಯಮ ಬೆಳೆಯಿತು. 1944ರಲ್ಲಿ ಶಿವಮೊಗ್ಗದಲ್ಲಿ ಮತ್ತೊಂದು ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. 1957ರಲ್ಲಿ ಸಾಬೂನು ಕಾರ್ಖಾನೆ ರಾಜಾಜಿನಗರಕ್ಕೆ ಸ್ಥಳಾಂತರಗೊಂಡಿತು. 1980ರಲ್ಲಿ ಇವೆಲ್ಲವೂ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತದ ಅಡಿಗೆ ಬಂದವು. 2006ರಲ್ಲಿ ಈ ಸಾಬೂನಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಆದರೆ ಅವರ ಕಾಲದಲ್ಲಿ ಕೊಳ್ಳುವವರಿಲ್ಲದೆ ರಾಶಿ ಬಿದ್ದಿದ್ದ ಶ್ರೀಗಂಧವೇ ಮುಂದೆ ವಿರಳವಾಯಿತು. ತಿರುಳು ಬಲಿಯಲು ಹಲವು ವರ್ಷ ಬೇಕಾದ ಈ ಮರವನ್ನು ಕಳ್ಳಸಾಗಣೆ ಹಾಗೂ ರೋಗಗಳು ಕಾಡಿದವು. 2001ರಲ್ಲಿ ಕಾನೂನು ತಿದ್ದುಪಡಿಯಾಗಿ ತಮ್ಮ ಜಮೀನಿನ ಗಂಧದ ಮರದ ಒಡೆತನ ರೈತರಿಗೆ ಬಂದ ನಂತರ ಬೆಳೆಯುವವರ ಆಸಕ್ತಿ ಮರಳಿದೆ. ಎಣ್ಣೆಯಿಲ್ಲದೆ ಶಾಸ್ತ್ರಿಯವರ ಸೂತ್ರಕ್ಕೆ ಅರ್ಥವಿಲ್ಲವೆಂಬುದು ಸ್ಪಷ್ಟ.

ಸಾಬೂನಿನ ಕೆಲಸ ಮೈ ಶುಚಿಗೊಳಿಸುವುದು. ಅದು ಹೋದ ಯೌವನವನ್ನು ಮರಳಿ ತರಲಾರದು. ಮಾಡಬಹುದಾದಷ್ಟನ್ನು ಕಲಬೆರಕೆಯಿಲ್ಲದೆ, ಚರ್ಮಕ್ಕೆ ಕೇಡಾಗದಂತೆ ಮಾಡಿಕೊಡುವುದು ವಿಜ್ಞಾನಿಯ ಹೊಣೆ. ಆ ಹೊಣೆಯನ್ನು ಗರಳಪುರಿ ಶಾಸ್ತ್ರಿ ನಿಭಾಯಿಸಿದ್ದಕ್ಕೆ ನೂರು ವರ್ಷ ದಾಟಿಯೂ ಜನ ಬಿಡದ ಸಾಬೂನೇ ಸಾಕ್ಷಿ. ಪೆಟ್ಟಿಗೆಯ ಮೇಲೆ ಶರಭನಿದ್ದಾನೆ, ಶಾಸ್ತ್ರಿಯವರ ಹೆಸರಿಲ್ಲ. ಮುಂದಿನ ಬಾರಿ ಆ ಪೆಟ್ಟಿಗೆ ಬಿಚ್ಚುವವರು ಅವರನ್ನೊಮ್ಮೆ ನೆನೆದರೆ ಅದುವೇ ಅವರಿಗೆ ಸಲ್ಲುವ ಗೌರವ.