ರಕ್ತದ ಗುಂಪು ಗುರುತಿಸಿದ ಡಾ. ಕಾರ್ಲ್ ಲ್ಯಾಂಡ್‌ಸ್ಟೈನರ್

ಮುಂಬಯಿ ಹಾಗೂ ಉಪನಗರಗಳ ಕನ್ನಡ ಸಂಘಗಳು ರಕ್ತದಾನ ಶಿಬಿರ ಏರ್ಪಡಿಸುವುದು ಹೊಸತಲ್ಲ. ದಾನಿಗಳಿಗೆ ಚಹಾ, ಬಿಸ್ಕತ್ತಿನ ಜೊತೆಗೆ ರಕ್ತದ ಗುಂಪು ಬರೆದ ಕಾರ್ಡೂ ಸಿಗುತ್ತದೆ. ಆ ಗುಂಪುಗಳನ್ನು ಮೊದಲು ಗುರುತಿಸಿದವರು ಡಾ. ಕಾರ್ಲ್ ಲ್ಯಾಂಡ್‌ಸ್ಟೈನರ್. ಅವರ ಜನ್ಮದಿನವಾದ ಜೂನ್ 14ನ್ನು 2004ರಿಂದ ವಿಶ್ವ ರಕ್ತದಾನಿಗಳ ದಿನವನ್ನಾಗಿ ಆಚರಿಸಲಾಗುತ್ತಿದೆ.

ಆಸ್ಟ್ರಿಯಾದ ವಿಯೆನ್ನಾ ಸಮೀಪದ ಬಾಡೆನ್‌ನಲ್ಲಿ 1868ರಲ್ಲಿ ಜನಿಸಿದ ಲ್ಯಾಂಡ್‌ಸ್ಟೈನರ್ ಅವರ ತಂದೆ ಪತ್ರಿಕಾ ಸಂಪಾದಕರಾಗಿದ್ದರು. ಮಗನಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು, ತಾಯಿಯೇ ಸಾಕಿ ಬೆಳೆಸಿದರು. 1891ರಲ್ಲಿ ವೈದ್ಯ ಪದವಿ ಪಡೆದರೂ ಅವರ ಮನಸ್ಸು ರೋಗಿಗಳ ಹಾಸಿಗೆಗಿಂತ ಲ್ಯಾಬಿನ ಕಡೆಗೇ ಇತ್ತು.

ಅಂದು ರಕ್ತ ಕೊಡುವುದೆಂದರೆ ಒಂದು ಬಗೆಯ ಜೂಜು. ಒಬ್ಬ ರೋಗಿ ಚೇತರಿಸಿಕೊಂಡರೆ ಇನ್ನೊಬ್ಬ ಚಳಿ ಹಿಡಿದು, ಮೂತ್ರ ಕಪ್ಪಾಗಿ ಸಾಯುತ್ತಿದ್ದ. ಕಾರಣ ಯಾರಿಗೂ ತಿಳಿದಿರಲಿಲ್ಲ. ಲ್ಯಾಂಡ್‌ಸ್ಟೈನರ್ ಮಾಡಿದ್ದು ಬಹಳ ಸರಳ ಕೆಲಸ. ತಮ್ಮದೂ ಸೇರಿದಂತೆ ಲ್ಯಾಬಿನವರ ರಕ್ತ ತೆಗೆದು, ಕೆಂಪು ಕಣ ಬೇರೆ, ಸೀರಮ್ ಬೇರೆ ಮಾಡಿ, ಒಬ್ಬರ ಸೀರಮನ್ನು ಇನ್ನೊಬ್ಬರ ಕಣಗಳಿಗೆ ಬೆರೆಸಿ ನೋಡಿದರು. ಕೆಲವು ಹಾಗೆಯೇ ಉಳಿದವು, ಕೆಲವು ಗಂಟುಗಟ್ಟಿದವು. 1901ರ ಲೇಖನದಲ್ಲಿ ಮೂರು ಗುಂಪುಗಳನ್ನು ತಿಳಿಸಿದರು, ಮರುವರ್ಷ ಅವರ ಸಹವರ್ತಿಗಳು 'ಎಬಿ' ಸೇರಿಸಿದರು. ಲೋಕ ಕೂಡಲೇ ಕಿವಿಗೊಡಲಿಲ್ಲ. ರಕ್ತ ಕೊಡುವ ಮುನ್ನ ಹೊಂದಾಣಿಕೆ ನೋಡುವ ಪದ್ಧತಿ ನ್ಯೂಯಾರ್ಕಿನಲ್ಲಿ 1907ರ ಹೊತ್ತಿಗೆ ಆರಂಭವಾಯಿತು.

ಮೊದಲ ಮಹಾಯುದ್ಧದ ಬಳಿಕ ವಿಯೆನ್ನಾದಲ್ಲಿ ಬದುಕು ದುಸ್ತರವಾದಾಗ 1919ರಲ್ಲಿ ಕುಟುಂಬ ಸಮೇತ ಹಾಲೆಂಡಿಗೆ ಹೋದರು. ಹೇಗ್ ನಗರದ ಸಣ್ಣ ಆಸ್ಪತ್ರೆಯೊಂದರಲ್ಲಿ ದಿನನಿತ್ಯದ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಾ ಇದ್ದರು. ವಲಸೆ ಬಂದು ಸಿಕ್ಕ ಕೆಲಸ ಹಿಡಿದವರ ಕಷ್ಟ ಮುಂಬಯಿಯ ನಮಗೆ ಬಿಡಿಸಿ ಹೇಳಬೇಕಿಲ್ಲ. ನಂತರ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ ಕರೆಯಿತು. 1930ರಲ್ಲಿ ನೊಬೆಲ್ ಬಂತು. 1940ರಲ್ಲಿ ವೀನರ್ ಅವರ ಜೊತೆಗೂಡಿ ಆರ್‌ಎಚ್ ಅಂಶವನ್ನು ಪ್ರಕಟಿಸಿದರು, ಕಾರ್ಡಿನ ಮೇಲಿನ ಪಾಸಿಟಿವ್, ನೆಗೆಟಿವ್ ಬಂದದ್ದು ಅಲ್ಲಿಂದ. 1943ರ ಜೂನ್ 24ರಂದು ಲ್ಯಾಬಿನಲ್ಲಿ, ಕೈಯಲ್ಲಿ ಪಿಪೆಟ್ ಇರುವಾಗಲೇ ಹೃದಯಾಘಾತವಾಗಿ, ಎರಡು ದಿನಗಳಲ್ಲಿ ನಿಧನರಾದರು.

ಒಂಬತ್ತು ವರ್ಷಗಳ ಬಳಿಕ, 1952ರಲ್ಲಿ, ಅವರದೇ ವಿಧಾನ ನಮ್ಮ ನಗರದಲ್ಲಿ ಹೊಸ ಸಂಗತಿಯೊಂದನ್ನು ಹೊರಗೆಡವಿತು. ಪರೇಲ್‌ನ ಕೆಇಎಂ ಆಸ್ಪತ್ರೆಗೆ ಸೇರಿದ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರಿಗೆ ವಿಚಿತ್ರ ರಕ್ತವೊಂದು ಎದುರಾಯಿತು. ಕಣಗಳಲ್ಲಿ ಎ ಇಲ್ಲ, ಬಿ ಇಲ್ಲ, ಹಾಗಾದರೆ 'ಓ' ಎನ್ನಬೇಕು. ಆದರೆ ಅದರ ಸೀರಮ್ 'ಓ' ಕಣಗಳನ್ನೂ ಗಂಟುಗಟ್ಟಿಸಿತು! 'ಓ' ಗುಂಪಿನವರಲ್ಲಿ ಧಾರಾಳವಾಗಿರುವ ಎಚ್ ಎಂಬ ಮೂಲ ಅಂಶವೇ ಇವರಲ್ಲಿರಲಿಲ್ಲ. ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾದ ಇದು ಮುಂದೆ ಬಾಂಬೆ ಬ್ಲಡ್ ಗ್ರೂಪ್ ಎಂದೇ ಹೆಸರಾಯಿತು. ಊರಿನ ಹೆಸರು ಮುಂಬಯಿ ಆದರೂ ರಕ್ತದ ಹೆಸರು ಬದಲಾಗಿಲ್ಲ.

ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಈ ಗುಂಪಿನವರೆಂಬ ಅಂದಾಜಿದೆ. ಬರೀ ಕಣಗಳನ್ನು ನೋಡಿ ಬರೆದ ಕಾರ್ಡಿನಲ್ಲಿ ಇಂಥವರೂ 'ಓ' ಆಗಿಬಿಡುತ್ತಾರೆ, ಅದನ್ನು ನಂಬಿ 'ಓ' ರಕ್ತ ಏರಿಸಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಬ್ಲಡ್ ಬ್ಯಾಂಕಿನವರು ಕಣವನ್ನೂ ಸೀರಮನ್ನೂ ಎರಡೂ ಕಡೆಯಿಂದ ಪರೀಕ್ಷಿಸುತ್ತಾರೆ. ನಾವು ಬ್ಯಾಂಕಿನಲ್ಲಿ ದಿನದ ಕೊನೆಗೆ ಲೆಕ್ಕ ತಾಳೆ ನೋಡುವಂತೆ ಎರಡೂ ತಾಳೆಯಾಗಬೇಕು. ಆಮೇಲೂ ರೋಗಿಯ ಸೀರಮಿಗೆ ದಾನಿಯ ಕಣ ಬೆರೆಸಿ ಕ್ರಾಸ್ ಮ್ಯಾಚ್ ಮಾಡುತ್ತಾರೆ. ಕೌಂಟರಿನಲ್ಲಿ ತಡವೇಕೆಂದು ನಮ್ಮವರು ಜಗಳಕ್ಕೆ ನಿಲ್ಲುವುದು ಈ ಹೊತ್ತಿನಲ್ಲೇ. ಬಾಂಬೆ ಗುಂಪಿನ ರೋಗಿಗೆ ಅದೇ ಗುಂಪಿನ ಇನ್ನೊಬ್ಬರ ರಕ್ತವೇ ಆಗಬೇಕು, ಒಮ್ಮೊಮ್ಮೆ ದಾನಿಯನ್ನು ಬೇರೆ ಊರಿನಿಂದ ಕರೆಸಬೇಕಾಗುತ್ತದೆ.